ಮಾವನ ಗಂಟಲಿನ ಗಂಟು

ನಮ್ಮ ಸೋದರಮಾವ ಮೋರಟಗಿಯಲ್ಲಿ ಕೆಮ್ಮಿದರೆ ಸಿಂದಗಿಯ ಎತ್ತುಗಳು ಕಿವಿ ನಿಮಿರಿಸುತ್ತಿದ್ದವು ಎಂದರೆ ನೀವು ನಂಬುವುದಿಲ್ಲ. ಬೇಡ ಬಿಡಿ! ಎಪ್ಪತ್ತರ ದಶಕದಲ್ಲಿ ಅವನೊಡನೆ ದನದ ಸಂತೆಗಳನ್ನು ಸುತ್ತಿದ ನನ್ನ ಕಿವಿಗಳಾದರೂ ಸಾಕ್ಷಿ ಹೇಳುತ್ತವೆ. ಅವನು ಎತ್ತಿನ ದಲಾಲ. ದಲಾಲರು ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆಯನ್ನು ಗುಟ್ಟಾಗಿ ಕುದುರಿಸುತ್ತಾರಲ್ಲ, ಮಾವ ಬೆರಳು ಹಿಡಿದುಕೊಂಡೇ ಎತ್ತಿನ ವಂಶಾವಳಿಯನ್ನು ಇಡೀ ಸಂತೆಗೆ ಒದರುತ್ತಿದ್ದ. ಮನೆಯಲ್ಲಿ ನೀರು ಕೇಳಿದರೂ ಅದೇ ದನಿ.

ಒಂದು ಬೇಸಿಗೆಯಲ್ಲಿ ಆ ದನಿ ಒಡೆಯಿತು. ಮೊದಲು ನಾವೆಲ್ಲ ನಕ್ಕೆವು. ಎಷ್ಟು ದಿನವಾದರೂ ಸರಿಹೋಗದಿದ್ದಾಗ ನಗು ನಿಂತಿತು. ನಮ್ಮ ಓಣಿಯಲ್ಲೇ ಒಬ್ಬರು ಗಂಟಲಿನ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಅವರಿಗೂ ಮೊದಲು ದನಿಯೇ ಹೋಗಿತ್ತು. ಮಾವನನ್ನು ಸೊಲ್ಲಾಪುರಕ್ಕೆ ಕರೆದೊಯ್ದೆವು.

ಅಲ್ಲಿಯ ಡಾಕ್ಟರು ಗಂಟಲಿಗೆ ಸಣ್ಣ ಕನ್ನಡಿ ಹಿಡಿದು ನೋಡಿದರು.

"ಧ್ವನಿ ಹೊರಡೂ ಪಟ್ಟಿ ಮ್ಯಾಲ ಗಂಟು ಐತಿ. ಕುಡಗೋಲು ಹಿಡಿದ ಕೈಗೆ ಜಡ್ಡು ಕಟ್ಟತೈತಲ್ಲ, ಹಂಗ ಒದರಿ ಒದರಿ ಆಗಿರಬೇಕು. ಸದ್ಯ ಬಾಯಿ ಮುಚ್ಚ್ರಿ, ಬೀಡಿ ಬಿಡ್ರಿ. ಕರಗಲಿಲ್ಲಂದ್ರ ತಗದು ತಪಾಸಣಿಗೆ ಕಳಸೂಣು."

ಮಾವ ಬಾಯಿ ಮುಚ್ಚಿದನೇ? ಮುಚ್ಚಿದ, ತನ್ನ ರೀತಿಯಲ್ಲಿ! ಅಂದಿನಿಂದ ಪಿಸುಗುಟ್ಟತೊಡಗಿದ. ನಸುಕಿನಿಂದ ಮಲಗುವವರೆಗೂ ಪಿಸುಮಾತು. ಸಂತೆಯಲ್ಲೂ ಪಿಸುಮಾತು. ಈ ಎತ್ತಿನಲ್ಲಿ ಏನೋ ಐಬಿದೆ, ಅದಕ್ಕೇ ಇವನು ಮೆಲ್ಲಗೆ ಮಾತಾಡುತ್ತಾನೆ ಎಂದು ಗಿರಾಕಿಗಳೆಲ್ಲ ಜಾರಿಕೊಂಡರು!

ಮತ್ತೆ ತೋರಿಸಲು ಹೋದಾಗ ಡಾಕ್ಟರ ಹುಬ್ಬು ಗಂಟಿಕ್ಕಿತು.

"ಸುಮ್ನ ಇದ್ರೇನು?"

"ಹೌದ್ರಿ," ಮಾವ ಪಿಸುಗುಟ್ಟಿದ, "ಒಂದ್ ಸಲಾನೂ ಒದರಿಲ್ರಿ."

"ಪಿಸುಮಾತಿಗೂ ಗಂಟಲಕ್ಕ ತ್ರಾಸ ಆಗ್ತೈತಿ ಯಜಮಾನ್ರ! ಇನ್ನ ತಗೀಲೇಬೇಕು."

ಆಪರೇಶನ್ ಆಯಿತು. ತಪಾಸಣೆಯ ಫಲ ಬರುವವರೆಗೆ ಮಾವ ನಿಜಕ್ಕೂ ಸುಮ್ಮನಿದ್ದ. ಆ ಮನೆಯ ನಿಶ್ಶಬ್ದವನ್ನು ಹೇಗೆ ಹೇಳಲಿ? ಅತ್ತೆ ಮಾತ್ರ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ತಿನ್ನುವವರಿಗಿಂತ ರೊಟ್ಟಿಗಳೇ ಹೆಚ್ಚಾದವು. ಸದ್ದಿಲ್ಲದ ಮನೆಯಲ್ಲಿ ಅವಳಿಗೆ ಇರಲಾಗುತ್ತಿರಲಿಲ್ಲ ಎಂದು ನನಗೆ ಹೊಳೆದದ್ದು ಆಮೇಲೆ.

ಕಡೆಗೊಂದು ದಿನ ಡಾಕ್ಟರು, "ಕೆಟ್ಟ ಗಂಟು ಅಲ್ರಿ ಅದು. ಪಾರಾದ್ರಿ. ಇನ್ನ ಸಾವಕಾಶ ಮಾತಾಡ್ರಿ" ಎಂದರು.

ಅತ್ತೆ ದವಾಖಾನೆಯ ಬಾಗಿಲ ಬಳಿ ಸೆರಗು ಹಿಡಿದು ನಿಂತಿದ್ದಳು. ಮಾವ ಏನು ಒದರುತ್ತಾನೋ ಎಂದು ನಾನು ಕಿವಿ ಮುಚ್ಚಿಕೊಳ್ಳಲು ಸಿದ್ಧನಾದೆ. ಅವನು ಅವಳ ಕಡೆ ತಿರುಗಿ, ನಾವು ಯಾರೂ ಎಂದೂ ಕೇಳಿರದ ಮೆಲುದನಿಯಲ್ಲಿ ಕೇಳಿದ:

"ಭಾಳ ಅಂಜಿದ್ಯೇನ?"

ಅತ್ತೆಯ ಕಣ್ಣುಗಳು ತುಂಬಿ ಬಂದವು. ಕೇಳಿಸಿತ್ತು ಅವಳಿಗೆ, ಚೆನ್ನಾಗಿಯೇ ಕೇಳಿಸಿತ್ತು. ಆದರೂ ಹೇಳಿದಳು:

"ಕೇಳಿಸಲಿಲ್ರಿ. ಇನ್ನೊಮ್ಮೆ ಅನ್ರಿ."