ಹೊಸ ಮಷೀನಿಗೆ ಒಗ್ಗದ ಹಳೆಯ ಅಚ್ಚುಗಳು

೧೯೫೨ರಲ್ಲಿ ನಾನು ಓದು ಬಿಟ್ಟೆ. ಪುಸ್ತಕ ಓದುವವನಿಗಿಂತ ಅದನ್ನು ಅಚ್ಚು ಹಾಕುವವನೇ ದೊಡ್ಡವನೆಂದು ಆಗ ಅನಿಸಿತ್ತು. ಈಗಲೂ ಹಾಗೆಯೇ ಹೇಳಿಕೊಳ್ಳುತ್ತೇನೆ, ಕೇಳುವವರು ಸಿಕ್ಕರೆ. ತೊಂದರೆ ಇರುವುದು ಕೇಳುವವರದ್ದೇ.

ವಿಜಾಪುರದ ನನ್ನ ಸಣ್ಣ ಪ್ರೆಸ್ಸಿನಲ್ಲಿ ಮೊದಲು ಕೇಳುವವನೊಬ್ಬನಿದ್ದ, ತಿಕೋಟಾದ ದಸ್ತಗೀರ. ನಾನು ಸೀಸದ ಅಕ್ಷರದ ಮೊಳೆ ಜೋಡಿಸುತ್ತಿದ್ದೆ, ಅವನು ಕಾಲಿನಿಂದ ಮಷೀನು ತುಳಿಯುತ್ತಿದ್ದ. ಆ ಮಷೀನು ಒಂದು ಬದಿಗೆ ಸವೆದು ಹಾಳೆಯ ಎಡಗಡೆ ಅಕ್ಷರವೇ ಮೂಡುತ್ತಿರಲಿಲ್ಲ. ಅದಕ್ಕೆ ನಾನು ಎಡಗಡೆ ಬರುವ ಸಾಲುಗಳ ಕೆಳಗೆ ಕಾಗದದ ಪಟ್ಟಿ ಅಂಟಿಸಿ ಎತ್ತರ ಸರಿಮಾಡುತ್ತಿದ್ದೆ. ಹೆಸರಷ್ಟೇ ಬದಲಿಸುವ ಮದುವೆ ಕಾರ್ಡು, ಅಂಗಡಿಯ ಜಾಹೀರಾತು, ಮತ್ತೆ ಮತ್ತೆ ಬೇಕಾಗುವ ಅಚ್ಚುಗಳನ್ನೆಲ್ಲ ಪಟ್ಟಿ ಸಮೇತ ದಾರದಿಂದ ಬಿಗಿದು ಕಪಾಟಿನಲ್ಲಿಟ್ಟಿದ್ದೆ. ನನ್ನ ಜಾಣತನದ ಆಸ್ತಿ ಅದು.

ಆಮೇಲೆ ಮೋಟಾರಿನ ಹೊಸ ಮಷೀನು ತಂದೆ. ದಸ್ತಗೀರ ಅದರ ಸುತ್ತ ಒಂದು ಸುತ್ತು ಹಾಕಿ, “ತುಳಿಯಾಕ ಏನೂ ಇಲ್ಲಲ್ರಿ ಅಣ್ಣಾ. ಇನ್ನ ನಾ ಯಾಕ?” ಎಂದ. ಇರು ಎನ್ನಬೇಕಿತ್ತು. “ನಿನ್ನ ಖುಷಿ” ಎಂದೆ. ಅವನು ತಿಕೋಟಾ ಬಸ್ಸು ಹತ್ತಿ ದ್ರಾಕ್ಷಿ ತೋಟದ ಕೆಲಸ ಹಿಡಿದ.

ಮರುದಿನದಿಂದ ಕಪಾಟಿನ ಒಂದು ಅಚ್ಚೂ ಸರಿಯಾಗಿ ಮೂಡಲಿಲ್ಲ. ಎಡಗಡೆ ಕಾಗದ ತೂತು, ಬಲಗಡೆ ಬರೀ ಬಿಳಿ. ಬಬಲೇಶ್ವರದ ಮುದುಕರೊಬ್ಬರು ಮಗಳ ಮದುವೆ ಕಾರ್ಡನ್ನು ಬಿಸಿಲಿಗೆ ಹಿಡಿದು, “ಯಪ್ಪಾ, ಅಳಿಯನ ಹೆಸರಿನ್ಯಾಗ ಆಚೆ ಓಣಿ ಕಾಣತೈತಿ, ನನ್ನ ಮಗಳ ಹೆಸರ ಕಾಣವಲ್ದು! ಇದ ಯಾರ ಲಗ್ನ?” ಎಂದರು.

ಮಷೀನು ಮಾರಿದವನನ್ನು ಬೈದೆ, ಶಾಯಿಯನ್ನು ಬೈದೆ. ಕಡೆಗೆ ದಾರ ಬಿಚ್ಚಿ ನೋಡಿದರೆ ನನ್ನವೇ ಪಟ್ಟಿಗಳು. ಹೊಸ ಮಷೀನು ಸಮತಟ್ಟಾಗಿತ್ತು. ಡೊಂಕಾಗಿದ್ದದ್ದು ನನ್ನ ಜಾಣತನ. ಎಲ್ಲ ಸುಲಿದು ಹಾಕಿದೆ. ಮುದುಕರ ಮಗಳ ಹೆಸರು ಚೊಕ್ಕಟವಾಗಿ ಮೂಡಿತು. “ನೋಡೋ ಇಲ್ಲಿ” ಎಂದು ಹಾಳೆ ಹಿಡಿದು ತಿರುಗಿದರೆ, ಹಿಂದೆ ಯಾರೂ ಇಲ್ಲ.

ಅವನನ್ನು ಕರೆದು ತರಬೇಕೆಂದೇ ರವಿವಾರ ತಿಕೋಟಾಕ್ಕೆ ಹೋದೆ. ದಸ್ತಗೀರ ಕೈತುಂಬ ದ್ರಾಕ್ಷಿ ಕೊಟ್ಟು, “ಮಷೀನ ಕೆಟ್ಟೈತೇನ್ರಿ ಅಣ್ಣಾ? ನಾ ಬರಲೇನ?” ಎಂದ. ಹೂಂ ಎಂದಿದ್ದರೆ ಅದೇ ಬಸ್ಸಿಗೆ ಬರುತ್ತಿದ್ದ. ಆದರೆ ನನ್ನ ಮಷೀನು ಕೆಟ್ಟಿದೆ ಎಂದು ನನ್ನ ಬಾಯಿಂದ ಹೇಗೆ ಬರಬೇಕು? “ಛೇ, ಭಾಳ ಚೊಲೋ ನಡದೈತಿ” ಎಂದು ಎದೆಯುಬ್ಬಿಸಿ ಬಂದುಬಿಟ್ಟೆ.

ಈಗ ನನ್ನ ಬಳಿ ಇರುವುದು ಒಂದು ಹೊಸ ಮಷೀನು, ಒಂದು ಕಪಾಟು ಅಚ್ಚು, ಎರಡು ಸ್ಟೂಲು, ಮತ್ತು ರೂಢಿ ತಪ್ಪದೆ ತರಿಸುವ ಎರಡು ಕಪ್ ಚಹಾ. ಎರಡನ್ನೂ ನಾನೇ ಕುಡಿಯುತ್ತೇನೆ.