ಅತ್ತೆಯ ಧಾರೆ ಸೀರೆ ನಾಟಕಕ್ಕೆ ಹೋದದ್ದು

ನಮ್ಮ ಸೋದರತ್ತೆಯಷ್ಟು ನಾಟಕ ಕಂಡವರು ಇಡೀ ಕೊಳ್ಳೇಗಾಲದಲ್ಲಿ ಇರಲಿಲ್ಲ. ನಾಟಕ ನೋಡಲು ಅವರಷ್ಟು ಬಾರದವರೂ ಇರಲಿಲ್ಲ! ಖಳನಾಯಕ ರಂಗಕ್ಕೆ ಬಂದರೆ ಬೆನ್ನು ತಿರುಗಿಸಿ ಕೂರುತ್ತಿದ್ದರು. ಅವನು ಹೋದನೆಂದು ಪಕ್ಕದಲ್ಲಿದ್ದ ನಾನು ಹೇಳಿದ ಮೇಲೇ ಇತ್ತ ತಿರುಗುವುದು. ಏಕೆಂದು ಕೇಳಿದರೆ, "ಅವನ ಮಕ ನೋಡುದ್ರೆ ಅನ್ನ ಸೇರಕಿಲ್ಲ ಕಣಮ್ಮಿ" ಎನ್ನುತ್ತಿದ್ದರು.

ಇದು ಅರವತ್ತರ ದಶಕದ ಮಾತು. ಕೊಳ್ಳೇಗಾಲ ಮದ್ರಾಸಿಗೆ ಸೇರಿದ್ದಾಗ ಕಟ್ಟಿದ ಹಳೇ ಥಿಯೇಟರಿಗೆ ನಾಟಕದ ಕಂಪನಿ ಬಂದಿಳಿಯಿತೆಂದರೆ ಊರಿಗೆ ಊರೇ ಎದ್ದು ನಿಲ್ಲುತ್ತಿತ್ತು. ಹನೂರಿನಿಂದ ಗಾಡಿಗಳು, ಯಳಂದೂರಿನಿಂದ ಬಸ್ಸು ತುಂಬ ಜನ! ಪರದೆ, ಹಾರ್ಮೋನಿಯಂ ಕಂಪನಿಯವರದು. ಸಿಂಹಾಸನಕ್ಕೆ ಕುರ್ಚಿ, ಅಂತಃಪುರಕ್ಕೆ ಮಂಚ ಊರಿನವರದು. ಎರವಲು ಕೊಟ್ಟ ಮನೆಯವರಿಗೆ ಮುಂದಿನ ಸಾಲು. ನಮ್ಮ ಮನೆಯ ಕುರ್ಚಿಯ ಮೇಲೆ ಎಷ್ಟು ರಾಜರು ಕುಳಿತಿದ್ದಾರೋ! ಅದರ ಒಂದು ಕಾಲು ಅಲ್ಲಾಡುತ್ತಿದ್ದುದರಿಂದ ಯಾರೂ ಹೆಚ್ಚು ಹೊತ್ತು ಆಳಲಿಲ್ಲ.

ಆ ವರ್ಷ ಕಂಪನಿಯ ಮ್ಯಾನೇಜರು ನಾಯಕಿಗೊಂದು ಮದುವೆ ಸೀರೆ ಬೇಕೆಂದು ಬಂದರು. ಅಪ್ಪ ಇಲ್ಲ ಎನ್ನುವಷ್ಟರಲ್ಲಿ ಅತ್ತೆ ತಮ್ಮ ಪೆಟ್ಟಿಗೆ ತೆರೆದಾಗಿತ್ತು. ಹೊರಗೆ ಬಂದದ್ದು ನಮ್ಮೂರ ಮಗ್ಗದಲ್ಲೇ ನೇಯ್ದ ಕೆಂಪು ರೇಷ್ಮೆ, ಅವರ ಧಾರೆ ಸೀರೆ. ಮದುವೆಯಾದ ವರ್ಷದೊಳಗೇ ಗಂಡ ತೀರಿಕೊಂಡಿದ್ದರು. ಆ ಮನೆಯಿಂದ ಅತ್ತೆ ತಂದದ್ದು ಅದೊಂದೇ. ಅದನ್ನೂ ಮತ್ತೆ ಉಡುವಂತಿರಲಿಲ್ಲ.

"ಅರಿದೋದ್ರೆ ಏನವ್ವ ಮಾಡೀಯೆ?" ಎಂದರು ಅಪ್ಪ.

"ನಾನ್ ಕಾಯ್ತೀನಿ ಬುಡಣ್ಣ."

ಕಾದರು ನೋಡಿ! ಭಾನುವಾರ ಮಧ್ಯಾಹ್ನದ ಆಟ. ನಾಯಕಿ ದುಃಖ ತಡೆಯಲಾರದೆ ಕುಸಿದು ಬೀಳಬೇಕು. ಮುಂದಿನ ಸಾಲಿನಿಂದ ಅತ್ತೆಯ ದನಿ: "ತಾಯಿ, ನೆಲ ಗುಡ್ಸಿಲ್ಲ, ಸೆರಗು ಎತ್ಕ." ಪಾಪ, ಆಕೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೂರ್ಛೆ ಹೋದಳು. ಆಮೇಲೆ ಖಳನಾಯಕ ಬಂದು ಸೆರಗಿಗೇ ಕೈ ಹಾಕಿದ. ಅತ್ತೆ ಈ ಸಲ ಬೆನ್ನು ತಿರುಗಿಸಲಿಲ್ಲ, ಎದ್ದೇ ನಿಂತರು. "ಕೈ ಇಡ್ಕಳಪ್ಪ, ಜರಿ ಕಿತ್ತೋಯ್ತದೆ." ಅಷ್ಟು ದೊಡ್ಡ ದುಷ್ಟನೂ ಸೆರಗು ಬಿಟ್ಟು ಮರ್ಯಾದೆಯಿಂದ ಆಕೆಯ ಕೈ ಹಿಡಿದುಕೊಂಡ. ಥಿಯೇಟರಿಗೆ ಥಿಯೇಟರೇ ಒನ್ಸ್ ಮೋರ್ ಎಂದು ಕೂಗಿತು!

ನಾನು ನಾಚಿಕೆಯಿಂದ ಮುಖ ಮುಚ್ಚಿಕೊಂಡಿದ್ದೆ. ಆಟ ಮುಗಿದ ಮೇಲೆ ನಾಯಕಿ ಸೀರೆಯನ್ನು ತಾನೇ ಮಡಿಸಿ ತಂದಾಗ, ಇನ್ನು ಬೈಗುಳ ಖಾತ್ರಿ ಎಂದು ಅತ್ತೆಯ ಹಿಂದೆ ಸರಿದೆ. ಆಕೆ ಬೈಯಲಿಲ್ಲ.

"ನೋಡಿಕೊಳ್ಳಿ ಅಮ್ಮಾ, ಒಂದು ಎಳೆಯೂ ಹೋಗಿಲ್ಲ."

ಅತ್ತೆ ಸೀರೆಯನ್ನು ಬಿಡಿಸಿಯೂ ನೋಡಲಿಲ್ಲ. ಅದನ್ನು ಮತ್ತೆ ಆಕೆಯ ಕೈಗೇ ಇಟ್ಟರು. "ಮುಂದಿನೂರಲ್ಲೂ ಉಟ್ಕ."

"ಬೇಡಮ್ಮಾ, ನಿಮ್ಮ ಧಾರೆ ಸೀರೆಯಂತೆ."

ಅತ್ತೆ ಆಗ ಆಡಿದ ಮಾತು ನೆನೆದರೆ ನನಗೆ ಈಗಲೂ ಕಣ್ಣು ತುಂಬುತ್ತದೆ. ಆಕೆಯ ಕೆನ್ನೆ ಸವರಿ ಹೇಳಿದರು:

"ಧಾರೆ ದಿನ ತಲೆ ಬಗ್ಗಿಸ್ಕಂಡೇ ಕೂತಿದ್ದೆ ಕಣವ್ವ. ಈ ಸೀರೇಲಿ ನಾನೆಂಗೆ ಕಾಣ್ತಿದ್ದೆ ಅಂತ ನಾನೇ ನೋಡಿರ್ನಿಲ್ಲ. ಇವತ್ತು ನೋಡ್ದೆ."