ಮೂರನೇ ಮಹಡಿಯಿಂದ ಇಪ್ಪತ್ತೆರಡು ಸೆಕೆಂಡು

ಆ ಹೋಟೆಲಿನಲ್ಲಿ ಯಾರೂ ಇಪ್ಪತ್ತೆಂಟು ದಿನಕ್ಕಿಂತ ಹೆಚ್ಚು ಇರುವ ಹಾಗಿರಲಿಲ್ಲ. ಆದರೂ ಎಲ್ಲರೂ ತಿಂಗಳುಗಟ್ಟಲೆ ಇದ್ದರು. ಅದು ಹೇಗೆಂದು ಕೇಳಿದರೆ ಮ್ಯಾನೇಜರು ಕನ್ನಡಕ ಸರಿಮಾಡಿಕೊಂಡು ವಿವರಿಸುತ್ತಿದ್ದರು. ಇಪ್ಪತ್ತೆಂಟನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಚಮಚದಿಂದ ಚಪ್ಪಲಿಯವರೆಗೆ ರೂಮು ಖಾಲಿ ಮಾಡಬೇಕು. ಮಧ್ಯಾಹ್ನ ಮೂರಕ್ಕೆ ಹೊಸ ಗೆಸ್ಟ್ ಆಗಿ ಬಂದು, ಹೊಸ ಫಾರಂ ತುಂಬಿ, ಅದೇ ರೂಮಿನ ಕೀ ಮತ್ತೆ ತೆಗೆದುಕೊಳ್ಳಬಹುದು. ನಡುವಿನ ನಾಲ್ಕು ಗಂಟೆ ನೀವು ಯಾರೋ, ಹೋಟೆಲು ಯಾರದೋ. ಹೀಗೆ ಮಾಡದಿದ್ದರೆ ಗೆಸ್ಟುಗಳೆಲ್ಲ ಬಾಡಿಗೆದಾರರಾಗಿ ಬೇರುಬಿಡುತ್ತಾರೆ, ಆಮೇಲೆ ಎಬ್ಬಿಸಲು ಕೋರ್ಟಿಗೇ ಹೋಗಬೇಕಾಗುತ್ತದೆ ಎಂದು ಯಾರೋ ವಕೀಲರು ಮಾಲೀಕರನ್ನು ಹೆದರಿಸಿಟ್ಟಿದ್ದರು.

ಮುನ್ನೂರ ನಾಲ್ಕನೇ ರೂಮಿನ ಲಿಫ್ಟ್ ಮೆಕ್ಯಾನಿಕ್‌ಗೆ ಈ ನಿಯಮ ಹೊಸದಲ್ಲ. ನಗರದ ಆಚೆ ತುದಿಯಲ್ಲಿ ಏಳುತ್ತಿದ್ದ ದೊಡ್ಡ ಆಸ್ಪತ್ರೆಗೆ ಲಿಫ್ಟ್ ಕೂರಿಸಲು ಕಂಪನಿ ಅವನನ್ನು ಇಲ್ಲಿಗೆ ಕಳಿಸಿ ಏಳು ತಿಂಗಳಾಗಿತ್ತು. ಅಷ್ಟರಲ್ಲಿ ಅವನು ಏಳು ಸಲ ಗಂಟುಮೂಟೆ ಕಟ್ಟಿ ಏಳು ಸಲ ಬಿಚ್ಚಿದ್ದ. ಆದರೆ ಈ ಸಲ ಮರೆತ. ಮರೆಯಲು ಕಾರಣ ಗೋಡೆಯ ಮೇಲಿದ್ದ ಕ್ಯಾಲೆಂಡರು. ಆಸ್ಪತ್ರೆಯ ಕೆಲಸ ಮುಗಿಯುತ್ತಾ ಬಂದು, ಹದಿನೈದನೇ ತಾರೀಕಿಗೆ ಊರಿಗೆ ಹೋಗಲು ಸೂಪರ್‌ವೈಸರ್ ಟಿಕೆಟ್ ಮಾಡಿಸಿದ್ದರು. ಅಂದಿನಿಂದ ಇವನು ದಿನಕ್ಕೊಂದು ಅಂಕಿ ಹೊಡೆದು ಹಿಂದಕ್ಕೆ ಎಣಿಸುತ್ತಿದ್ದ. ಮ್ಯಾನೇಜರು ಕೆಳಗೆ ಕೂತು ಮುಂದಕ್ಕೆ ಎಣಿಸುತ್ತಿದ್ದರು. ಇವನ ಬಾಕಿ ಹನ್ನೆರಡೂ ಅವರ ಇಪ್ಪತ್ತೆಂಟೂ ಒಂದೇ ದಿನ ಬಂದು ಢಿಕ್ಕಿ ಹೊಡೆದವು.

ಅದೂ ಎಂಥ ದಿನ! ಹೆಂಡತಿ ಬರುವ ದಿನ.

ಅವಳು ಅಕ್ಕನ ಮಗಳ ಬಾಣಂತನಕ್ಕೆಂದು ಹೊರಟಿದ್ದಳು. ಈ ನಗರದಲ್ಲಿ ರೈಲು ಬದಲಿಸಬೇಕು. ಹನ್ನೆರಡಕ್ಕೆ ಇಳಿದರೆ ಮೂರಕ್ಕೆ ಮುಂದಿನ ರೈಲು. ಏಳು ತಿಂಗಳಿಗೆ ಮೂರು ಗಂಟೆ. ಅವನು ವಾರದ ಹಿಂದೆಯೇ ಹೊಸ ಬೆಡ್‌ಶೀಟ್ ತಂದಿದ್ದ. ರೂಮಿಗೆ ಹೋಟೆಲಿನವರು ಕೊಡುವುದು ಒಂದೇ ತಟ್ಟೆ, ಒಂದೇ ಕಪ್ಪು. ಅದಕ್ಕೆ ಜೊತೆಯಾಗಿ ಇನ್ನೊಂದು ಕಪ್ಪು ತಂದು ಶೆಲ್ಫಿನ ಮೇಲಿಟ್ಟಿದ್ದ. ರಾತ್ರಿ ದೀಪ ಆರಿಸುವ ಮೊದಲು ಎರಡನ್ನೂ ಅಕ್ಕಪಕ್ಕ ಜರುಗಿಸಿ ನೋಡುತ್ತಿದ್ದ. ಊರಿಗೆ ಬರುವ ಸುದ್ದಿಯನ್ನು ಅವಳಿಗೆ ಇನ್ನೂ ಹೇಳಿರಲಿಲ್ಲ. ಆ ಮಾತು ಕೇಳಿ ಅವಳ ಮುಖ ಅರಳುವುದನ್ನು ಫೋನಿನ ಅಂಗೈಯಗಲದ ಗಾಜಿನಲ್ಲಿ ನೋಡಲು ಅವನಿಗೆ ಮನಸ್ಸಿರಲಿಲ್ಲ. ಎದುರಿಗೆ, ಹತ್ತಿರದಲ್ಲಿ, ಪೂರ್ತಿ ಮುಖ ನೋಡಬೇಕಿತ್ತು.

ಹತ್ತೂಮುಕ್ಕಾಲಿಗೆ ಮ್ಯಾನೇಜರು ಬಾಗಿಲು ತಟ್ಟಿದರು.

"ಇನ್ನೂ ಪ್ಯಾಕ್ ಮಾಡಿಲ್ವಾ? ಇವತ್ತು ನಿಮ್ಮ ಇಪ್ಪತ್ತೆಂಟು."

"ಸಾರ್, ಇವತ್ತೊಂದಿನ ಬಿಟ್ಬಿಡಿ. ನಮ್ಮನೆಯವರು ಬರ್ತಿದ್ದಾರೆ."

"ಬರಲಿ, ಸಂತೋಷ. ಮೂರು ಗಂಟೆ ಮೇಲೆ ಬರೋಕೆ ಹೇಳಿ."

"ಮೂರಕ್ಕೆ ಅವಳ ರೈಲು ಸಾರ್!"

"ಅಯ್ಯೋ ಪಾಪ," ಎಂದರು ಮ್ಯಾನೇಜರು. ನಿಜವಾಗಿಯೂ ಪಾಪ ಎನಿಸಿಯೇ ಹೇಳಿದರು. ಹೇಳಿ, ಕೀಗಾಗಿ ಕೈ ಚಾಚಿದರು.

ಈ ಮಾತು ಕಿವಿಗೆ ಬಿದ್ದದ್ದೇ ತಡ, ಎರಡೂ ಪಕ್ಕದ ಬಾಗಿಲುಗಳು ತೆರೆದವು. ಮುನ್ನೂರ ಮೂರರಲ್ಲಿ ಕಣ್ಣಿನ ಚಿಕಿತ್ಸೆಗೆಂದು ಬಂದು ನಾಲ್ಕು ತಿಂಗಳಿಂದ ಇದ್ದ ದೊಡ್ಡಮ್ಮ. ಅವರು ಯಾರಿಗೂ ದೊಡ್ಡಮ್ಮನಲ್ಲ, ಮಹಡಿಗೆಲ್ಲ ದೊಡ್ಡಮ್ಮ. ಮುನ್ನೂರ ಐದರಲ್ಲಿ ಭೂಗೋಳದ ಮೇಷ್ಟ್ರು. ನಿವೃತ್ತರಾದ ಮೇಲೆ ಶಾಲೆಯ ನಕ್ಷೆ ಪುಸ್ತಕ ತಿದ್ದಿಕೊಡಲು ಪ್ರಕಾಶಕರು ಅವರನ್ನು ಇಲ್ಲಿ ಇರಿಸಿದ್ದರು. ಇಬ್ಬರ ಮನಸ್ಸೂ ಒಳ್ಳೆಯದು, ಕೆಲಸ ಕಡಿಮೆ. ಅದೇ ತೊಂದರೆ.

"ಲಿಫ್ಟಣ್ಣ, ನೀನ್ಯಾಕೆ ಯೋಚನೆ ಮಾಡ್ತೀಯ? ನನ್ನ ರೂಮು ನಿಂದಲ್ವಾ!" ಎಂದರು ದೊಡ್ಡಮ್ಮ. ಅವನು ಬೇಡ ಎನ್ನುವಷ್ಟರಲ್ಲಿ ಅವನ ಬಟ್ಟೆಗಳು ಅವರ ಮಂಚದ ಮೇಲಿದ್ದವು. ಪಾತ್ರೆಗಳು ಮೇಷ್ಟ್ರ ಕಿಟಕಿಯಲ್ಲಿದ್ದವು. ಹೊಸ ಬೆಡ್‌ಶೀಟನ್ನು ಮ್ಯಾನೇಜರು ಹೋಟೆಲಿನದೆಂದು ತಿಳಿದು ಒಗೆಯುವ ಮೂಟೆಗೆ ಸೇರಿಸಿಬಿಟ್ಟರು. ಹೊಸ ಕಪ್ಪೊಂದನ್ನು ಮಾತ್ರ ಅವನು ಯಾರ ಕೈಗೂ ಕೊಡದೆ ಪ್ಯಾಂಟಿನ ಜೇಬಿಗೆ ತುರುಕಿಕೊಂಡು ಸ್ಟೇಷನ್ನಿಗೆ ಓಡಿದ.

ಹೆಂಡತಿ ರೈಲಿನಿಂದ ಇಳಿದಳು. ದಿನಾ ಅರ್ಧ ಗಂಟೆ ಫೋನಿನಲ್ಲಿ ಹರಟುವ ಜೋಡಿ ಪ್ಲಾಟ್‌ಫಾರ್ಮಿನ ಮೇಲೆ ಹೊಸಬರ ಹಾಗೆ ನಿಂತುಕೊಂಡಿತು.

"ಸೊರಗಿದೀರಿ," ಎಂದಳು ಅವಳು.

"ಇಲ್ವಲ್ಲ," ಎಂದ ಅವನು.

"ರೂಮು ನೋಡ್ಬೇಕು ರೀ. ಏಳು ತಿಂಗಳಿಂದ ನಿಮ್ಮ ಹಿಂದಿರೋ ಗೋಡೆನೇ ನೋಡ್ತಿದೀನಿ. ಆ ಗೋಡೆ ಎದುರಿಗೆ ಏನಿದೆ ಅಂತ ನೋಡ್ಬೇಕು."

ದಾರಿಯುದ್ದಕ್ಕೂ ಅವನು ವಿಷಯ ವಿವರಿಸಿದ. ಅವಳು ಮೊದಲು ನಂಬಲಿಲ್ಲ, ಆಮೇಲೆ ನಕ್ಕಳು.

ಹೋಟೆಲಿನ ಬಾಗಿಲಲ್ಲಿ ಮ್ಯಾನೇಜರು ಭೇಟಿಗಾರರ ಪುಸ್ತಕ ಬಿಚ್ಚಿದರು. "ಇಬ್ಬರೂ ಸಹಿ ಮಾಡಿ. ಯಾರನ್ನ ನೋಡೋಕೆ ಬಂದಿದೀರಿ?"

"ಸಾರ್, ನಾನು ಇಲ್ಲೇ ಇರೋನು!"

"ಹನ್ನೊಂದರವರೆಗೆ ಇದ್ರಿ. ಈಗ ನೀವೂ ಹೊರಗಿನವರು. ಯಾರನ್ನ ನೋಡೋಕೆ ಬಂದ್ರೋ ಅವರು ಜೊತೆಗೇ ಇರಬೇಕು. ಭೇಟಿಗಾರರನ್ನ ಅವರಷ್ಟಕ್ಕೇ ರೂಮಲ್ಲಿ ಬಿಡೋ ಹಾಗಿಲ್ಲ."

ಹೀಗೆ, ಏಳು ತಿಂಗಳ ಮೇಲೆ ಸಿಕ್ಕಿದ ಗಂಡ ಹೆಂಡತಿ ದೊಡ್ಡಮ್ಮನನ್ನು ನೋಡಲು ಬಂದ ನೆಂಟರಾದರು. ಮೇಲೆ ಹೋಗುವಾಗ ಅವಳು ಮುನ್ನೂರ ನಾಲ್ಕರ ಮುಚ್ಚಿದ ಬಾಗಿಲ ಮುಂದೆ ನಿಂತು, ಅಂಗೈಯನ್ನು ಅದರ ಮೇಲೆ ಒಂದು ಕ್ಷಣ ಇಟ್ಟಳು.

ದೊಡ್ಡಮ್ಮ ಅವಳನ್ನು ಮಂಚದ ಮೇಲೆ ತಮ್ಮ ಪಕ್ಕ ಕೂರಿಸಿಕೊಂಡರು. ಅವನಿಗೆ ಮೂಲೆಯ ಕುರ್ಚಿ. ಮೇಷ್ಟ್ರು ಬಾಗಿಲಲ್ಲೇ ಸ್ಟೂಲು ಹಾಕಿಕೊಂಡರು. ನಿಯಮದಂತೆ ದೊಡ್ಡಮ್ಮ ಅಲ್ಲಾಡುವ ಹಾಗಿರಲಿಲ್ಲ, ಅಲ್ಲಾಡುವ ಇಷ್ಟವೂ ಅವರಿಗಿರಲಿಲ್ಲ. ಮದುವೆಯಾಗಿ ಎಷ್ಟು ವರ್ಷ, ಅತ್ತೆ ಹೇಗೆ, ಅಕ್ಕನ ಮಗಳಿಗೆ ಹುಟ್ಟಿದ್ದು ಗಂಡೋ ಹೆಣ್ಣೋ, ಎಲ್ಲ ವಿಚಾರಣೆ ಮುಗಿಯುವಾಗ ಒಂದೂವರೆಯಾಗಿತ್ತು.

"ಇನ್ನೇನಮ್ಮ, ಇವನೂ ಹನ್ನೆರಡೇ ದಿನದಲ್ಲಿ..." ಎಂದು ದೊಡ್ಡಮ್ಮ ಶುರುಮಾಡಿದರು.

ಅವನು ಜೋರಾಗಿ ಕೆಮ್ಮಿದ.

"ಏನಾಯ್ತೋ? ಹಾಂ, ನಾನೇನು ಹೇಳ್ತಿದ್ದೆ, ಹನ್ನೆರಡೇ ದಿನ..."

ಇನ್ನೂ ಜೋರಾಗಿ ಕೆಮ್ಮಿದ. ಇಷ್ಟು ದಿನ ಜೋಪಾನ ಮಾಡಿದ ಹೆಂಡತಿಯ ಮುಖದ ಆ ಒಂದು ಗಳಿಗೆಯನ್ನು ದೊಡ್ಡಮ್ಮನ ಬಾಯಿಗೆ ಕೊಡಲು ಅವನು ತಯಾರಿರಲಿಲ್ಲ. ಆದರೆ ಆ ಕೆಮ್ಮು ಕೇಳಿ ಮೇಷ್ಟ್ರು ಎದ್ದು ನಿಂತರು.

"ಇದು ಎದೆಯ ಕೆಮ್ಮು. ಬಿಸಿನೀರಿನ ಹಬೆ ತಗೋಬೇಕು. ಈಗಿಂದೀಗಲೇ."

ಬೇಡವೆಂದರೂ ಕೇಳುವವರು ಯಾರು? ಎರಡೇ ನಿಮಿಷದಲ್ಲಿ ಅವನ ಮುಂದೆ ಬಿಸಿನೀರಿನ ಪಾತ್ರೆ, ತಲೆಯ ಮೇಲೆ ಟವೆಲ್ಲು. ಹೆಂಡತಿ ಮೂರಡಿ ದೂರದಲ್ಲಿ ಕುಳಿತಿದ್ದಾಳೆ, ಇವನಿಗೆ ಕಾಣುತ್ತಿರುವುದು ಬಿಸಿನೀರು. ಟವೆಲ್ಲಿನ ಹೊರಗೆ ಮೇಷ್ಟ್ರು ನಕ್ಷೆ ಹರಡಿ, ಅವಳ ರೈಲು ಯಾವ ಯಾವ ನದಿ ದಾಟುತ್ತದೆ ಎಂದು ಪಾಠ ಮಾಡುತ್ತಿದ್ದರು. ನಡುವೆ ಅವಳು ಒಮ್ಮೆ ನಕ್ಕದ್ದು ಕೇಳಿಸಿತು. ಆ ನಗು ಊರಿನ ಅಡುಗೆಮನೆಯಿಂದ ಕೇಳಿಸುತ್ತಿದ್ದ ನಗುವೇ. ಕಣ್ಣಲ್ಲಿ ನೀರು ಬಂತು, ಹಬೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಟವೆಲ್ಲು ತೆಗೆದಾಗ ಒಂದೂ ಐವತ್ತು. ಸ್ಟೇಷನ್ನಿಗೆ ಹತ್ತು ನಿಮಿಷದ ದಾರಿ ಎಂದು ಅವನು ಎಷ್ಟು ಹೇಳಿದರೂ ದೊಡ್ಡಮ್ಮ ಒಪ್ಪಲಿಲ್ಲ. "ರೈಲು ಯಾರಪ್ಪನ ಮನೇದೂ ಅಲ್ಲ. ಈಗಲೇ ಹೊರಡ್ಸು." ಅವರೇ ಎದ್ದು ಅವಳ ತಲೆ ಸವರಿ, ಕೈಗೊಂದು ಸೀರೆಪಿನ್ನಿನ ಪೊಟ್ಟಣ ಕೊಟ್ಟು, ಲಿಫ್ಟಿನವರೆಗೆ ಬಂದರು. ಮೇಷ್ಟ್ರು ಸೂಟ್‌ಕೇಸ್ ತಂದು ಲಿಫ್ಟಿನೊಳಗೆ ಇಟ್ಟರು. ಗಂಡ ಹೆಂಡತಿಯ ಹಿಂದೆಯೇ ಅವರಿಬ್ಬರೂ ಒಳಗೆ ಕಾಲಿಡಲಿದ್ದರು.

"ಮೇಷ್ಟ್ರೇ, ಇದು ಹಳೇ ಲಿಫ್ಟು, ಭಾರ ತಡೆಯಲ್ಲ. ನೀವು ಮುಂದಿನ ಸಲಕ್ಕೆ ಬನ್ನಿ," ಎಂದು ಅವನು ಬಟನ್ ಒತ್ತಿಬಿಟ್ಟ. ಲಿಫ್ಟಿನ ವಿಷಯದಲ್ಲಿ ಅವನ ಮಾತಿಗೆ ಎದುರಿರಲಿಲ್ಲ. ಬಾಗಿಲು ಮುಚ್ಚಿತು.

ಇಬ್ಬರೇ. ಏಳು ತಿಂಗಳಲ್ಲಿ ಮೊದಲ ಸಲ.

ಮೂರನೇ ಮಹಡಿಯಿಂದ ಕೆಳಕ್ಕೆ ಇಪ್ಪತ್ತೆರಡು ಸೆಕೆಂಡು. ಅವನು ದಿನಾ ಎಣಿಸಿದ್ದ. ಈ ಲಿಫ್ಟು ನೋಡಲು ಮುದುಕಿಯಾದರೂ ಒಳಗೆ ಗಟ್ಟಿ ಎಂದು ಅವನಿಗೆ ಗೊತ್ತಿತ್ತು. ಹದಿನೇಳು ವರ್ಷದ ಕೆಲಸದಲ್ಲಿ ಎಷ್ಟೋ ಲಿಫ್ಟುಗಳಿಂದ ಎಷ್ಟೋ ಜನರನ್ನು ಬಿಡಿಸಿದ್ದ. ಯಾರನ್ನೂ ಸಿಕ್ಕಿಸಿರಲಿಲ್ಲ. ಆರು, ಏಳು, ಎಂಟು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವನ ಕೈ ತಾನಾಗಿಯೇ ಸೊಂಟದ ಕೀಗೊಂಚಲಿಗೆ ಹೋಯಿತು. ಬಟನ್‌ಗಳ ಕೆಳಗಿನ ಸಣ್ಣ ಮುಚ್ಚಳ ತೆಗೆದು ಕೀ ತಿರುಗಿಸಿದ. ಎರಡು ಮಹಡಿಗಳ ನಡುವೆ ಲಿಫ್ಟು ಗಕ್ಕನೆ ನಿಂತಿತು.

"ಅಯ್ಯೋ, ಏನಾಯ್ತು ರೀ?"

"ನಿಂತ್ಹೋಯ್ತು. ಹಳೇದಲ್ವಾ."

"ರೈಲು?"

"ಇನ್ನೂ ಒಂದು ಗಂಟೆ ಇದೆ. ನಾನಿದೀನಲ್ಲ. ಕೂತ್ಕೋ."

ಸೂಟ್‌ಕೇಸಿನ ಮೇಲೆ ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಕುಳಿತರು. ಅವಳು ಪರ್ಸಿನಿಂದ ಸೂಜಿದಾರ ತೆಗೆದಳು. "ಅಲ್ಲಾಡ್ಬೇಡಿ. ಎರಡು ತಿಂಗಳಿಂದ ಫೋನಲ್ಲಿ ನೋಡ್ತಿದೀನಿ, ಈ ಅಂಗಿಯ ಎರಡನೇ ಗುಂಡಿ ಇಲ್ಲ. ಕೈ ತುರಿಸ್ತಿತ್ತು." ಅವಳು ಗುಂಡಿ ಹಾಕುತ್ತಾ ಬಗ್ಗಿದಾಗ ಅವಳ ಕೂದಲ ಎಣ್ಣೆಯ ವಾಸನೆ ಬಂತು. ಅವನು ಜೇಬಿನಿಂದ ಕಪ್ಪು ತೆಗೆದು ಅವಳ ಬಾಟಲಿಯ ನೀರು ಹುಯ್ದ.

"ಇದೇನು ಜೇಬಲ್ಲಿ ಕಪ್ಪು?"

"ನಿಂದು," ಎಂದ. "ಇನ್ನೊಂದು ವಿಷಯ ಕೇಳು. ಹದಿನೈದಕ್ಕೆ ನಾನು ಊರಿಗೆ ಬರ್ತಿದೀನಿ. ಪೂರ್ತಿಯಾಗಿ."

ಆ ಮುಖ ಅವನು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಅರಳಿತು. ಸೂಜಿ ಹಾಗೇ ಅಂಗಿಯಲ್ಲಿ ಬಿಟ್ಟು ಅವಳು ಅವನ ಎದೆಗೆ ಹಣೆ ಹಚ್ಚಿ ಅತ್ತಳು. ಸೂಜಿ ಚುಚ್ಚಿತು. ಅವನು ಅಲ್ಲಾಡಲಿಲ್ಲ.

ಹೊರಗೆ ಮಾತ್ರ ಆಕಾಶ ಭೂಮಿ ಒಂದಾಗಿತ್ತು. "ಮಗಾ, ಉಸಿರಾಡ್ತಿದೀಯೇನೋ?" ಎಂದು ಮೇಲಿನಿಂದ ದೊಡ್ಡಮ್ಮ. "ಹಾರಬೇಡಿ! ನೆಗೆಯಬೇಡಿ! ಆಳವಾಗಿ ಉಸಿರು ಎಳೀರಿ!" ಎಂದು ಮೇಷ್ಟ್ರು. ಕೆಳಗಿನಿಂದ ಮ್ಯಾನೇಜರು ಯಾರಿಗೋ ಫೋನಿನಲ್ಲಿ ಕೂಗುತ್ತಿದ್ದರು.

ಹತ್ತು ನಿಮಿಷಕ್ಕೆ ಅವನ ಫೋನು ಬಡಿದುಕೊಂಡಿತು. ಸೂಪರ್‌ವೈಸರು.

"ಏಯ್, ನೀನಿರೋ ಹೋಟೆಲಲ್ಲೇ ಲಿಫ್ಟ್ ನಿಂತಿದೆಯಂತೆ. ಒಳಗೆ ಹೆಂಗಸರಿದಾರಂತೆ. ಹಿಂದೆ ನೀನೇ ನಮ್ಮ ಕಾರ್ಡು ಕೊಟ್ಟಿದ್ಯಂತೆ. ಬೇಗ ಹೋಗು."

"ನಾನು ಆಗಲೇ ಸ್ಥಳದಲ್ಲಿದೀನಿ ಸಾರ್."

"ಭಲೇ! ಎಷ್ಟು ಹೊತ್ತಾಗುತ್ತೆ?"

ಅವನು ಹೆಂಡತಿಯನ್ನು ನೋಡಿದ. ಗುಂಡಿಗೆ ಇನ್ನೂ ನಾಲ್ಕು ಹೊಲಿಗೆ ಬಾಕಿ ಇತ್ತು. "ಒಂದು ಕಾಲು ಗಂಟೆ ಸಾರ್," ಎಂದ.

ಹೇಳಿದ ಹಾಗೆಯೇ, ಎರಡೂ ಇಪ್ಪತ್ತಕ್ಕೆ ಲಿಫ್ಟು ಕೆಳಗಿಳಿಯಿತು. ಮ್ಯಾನೇಜರು ಬೆವರು ಒರೆಸಿಕೊಳ್ಳುತ್ತಾ, ಒಳಗಿನಿಂದಲೇ ರಿಪೇರಿ ಮಾಡಿದ ಮಹಾನುಭಾವನ ಎರಡೂ ಕೈ ಹಿಡಿದು ಕುಲುಕಿದರು. ಅವನು ಹೆಂಡತಿಯನ್ನು ರೈಲು ಹತ್ತಿಸಿದ. ಕಿಟಕಿಯಲ್ಲಿ ಕೈ ಬೀಸುತ್ತಾ ಅವಳು, "ಹದಿನಾಲ್ಕಕ್ಕೇ ಊರಿಗೆ ವಾಪಸ್ ಬಂದ್ಬಿಡ್ತೀನಿ ರೀ. ನೀವು ಬರೋವಾಗ ಬಾಗಿಲು ತೆಗ್ದಿರ್ಬೇಕು," ಎಂದಳು. ಅವಳ ಕೈಯಲ್ಲಿ ಆ ಕಪ್ಪಿತ್ತು.

ಮೂರೂ ಕಾಲಿಗೆ ಅವನು ಹೊಸ ಗೆಸ್ಟ್ ಆಗಿ ಹೋಟೆಲಿಗೆ ಕಾಲಿಟ್ಟ. ಯಾರ ಮೇಲೂ ಸಿಟ್ಟಿರಲಿಲ್ಲ. ದೊಡ್ಡಮ್ಮನ ಮೇಲೂ ಇಲ್ಲ. ಫಾರಂ ತುಂಬುತ್ತಿದ್ದಾಗ ಫೋನು ಬಂತು.

"ನೀನು ಗಂಡು ಕಣಯ್ಯ!" ಸೂಪರ್‌ವೈಸರರ ಧ್ವನಿ ಕುಣಿಯುತ್ತಿತ್ತು. "ಆ ಹೋಟೆಲಿನ ಮಾಲೀಕನ ಹಿಂದೆ ಮೂರು ವರ್ಷದಿಂದ ಬಿದ್ದಿದ್ದೆ, ಲಿಫ್ಟ್ ಬದಲಾಯಿಸಿ ಅಂತ. ಜಪ್ಪಯ್ಯ ಅಂದ್ರೂ ಒಪ್ಪಿರ್ಲಿಲ್ಲ. ಇವತ್ತು ಹೆದರಿ ತಾನೇ ಫೋನ್ ಮಾಡಿದಾನೆ. ಹಳೇದು ಪೂರ್ತಿ ಕಿತ್ತು ಹೊಸದು. ಆದ್ರೆ ಒಂದೇ ಷರತ್ತು, ಇವತ್ತು ಬಂದಿದ್ದ ಮನುಷ್ಯನೇ ಮಾಡ್ಬೇಕಂತೆ. ನಾಲ್ಕು ತಿಂಗಳ ಕೆಲಸ. ನಿನ್ನ ಹದಿನೈದರ ಟಿಕೆಟ್ ಕ್ಯಾನ್ಸಲ್ ಮಾಡಿಸ್ದೆ."

ಅವನು ಬಾಯಿ ತೆರೆದ. ಲಿಫ್ಟಿಗೆ ಏನೂ ಆಗಿರಲಿಲ್ಲ ಸಾರ್ ಎನ್ನಬೇಕು. ಎಂದರೆ, ಮತ್ತೆ ಯಾಕೆ ನಿಂತಿತು ಎನ್ನುತ್ತಾರೆ. ಕೆಲಸವೇ ಹೋಗುವ ಮಾತು. ತೆರೆದ ಬಾಯಿ ಹಾಗೇ ಮುಚ್ಚಿದ.

"ನಾಲ್ಕು ತಿಂಗಳು ಅಂದ್ರೆ ಇನ್ನೂ ನಾಲ್ಕು ಸಲ ಖಾಲಿ ಮಾಡ್ಬೇಕಾಗತ್ತೆ," ಎಂದರು, ಮಾಲೀಕರಿಂದ ಆಗಲೇ ವಿಷಯ ತಿಳಿದಿದ್ದ ಮ್ಯಾನೇಜರು ಸಂತೋಷದಿಂದ, ಮುನ್ನೂರ ನಾಲ್ಕರ ಕೀ ಮುಂದೆ ತಳ್ಳುತ್ತಾ. "ತಾರೀಕು ಈಗಲೇ ಬರ್ಕೊಂಡ್ಬಿಡಿ, ಮರೀತೀರಿ."

ರೂಮಿನಲ್ಲಿ ಶೆಲ್ಫಿನ ಮೇಲೆ ಮತ್ತೆ ಒಂದೇ ಕಪ್ಪು. ಕ್ಯಾಲೆಂಡರಿನ ಮುಂದೆ ಬೆಪ್ಪನಾಗಿ ನಿಂತಿದ್ದಾಗ ಹೆಂಡತಿಯ ಫೋನು. ಹಿಂದೆ ರೈಲಿನ ಸದ್ದು.

"ರೀ, ಮೇಷ್ಟ್ರು ಹೇಳಿದ ನದಿ ಬಂತು. ಒಂದು ನಿಜ ಹೇಳ್ತೀರಾ? ಆ ಲಿಫ್ಟು ತಾನಾಗೇ ನಿಂತಿದ್ದಾ?"

ಅವನು ಎದೆಯ ಮೇಲಿನ ಹೊಸ ಗುಂಡಿ ಮುಟ್ಟಿ ನೋಡಿಕೊಂಡ. "ಇಲ್ಲ," ಎಂದ.

ಆ ಕಡೆ ಅವಳು ನಗಲು ಶುರುಮಾಡಿದಳು. ಊರಿನ ಅಡುಗೆಮನೆಯ ಅದೇ ನಗು, ಬಿದ್ದು ಬಿದ್ದು ನಗು. "ಅಯ್ಯೋ ನಿಮ್ಮ! ಅಲ್ಲ ರೀ, ಯಾರಿಗಾದ್ರೂ ಗೊತ್ತಾಗಿದ್ರೆ?" ಎನ್ನುತ್ತಾ ಮತ್ತೆ ನಕ್ಕಳು.

ಅವನು ಗೋಡೆಗೆ ಒರಗಿ ಕುಳಿತು, ಫೋನನ್ನು ಕಿವಿಗೆ ಒತ್ತಿಕೊಂಡು, ಆ ನಗು ಮುಗಿಯುವುದನ್ನೇ ಕಾದ. ಆದಷ್ಟು ತಡವಾಗಿ ಮುಗಿಯಲಿ ಎಂದುಕೊಂಡ.